ನೂರ ಹನ್ನೆರಡನೇ ಮನೆ

ಮಾವಿನಕೊಪ್ಪಲು, ಸಾಲಗಾಮೆ ಹೋಬಳಿ
9 ಫೆಬ್ರವರಿ 2025

ಚಿ. ಪ್ರೇಕ್ಷಾಳಿಗೆ ನಿನ್ನ ಅತ್ತೆಯ ಆಶೀರ್ವಾದ.

ಫೋನ್ ಎತ್ತಲಿಲ್ಲ ಅಂತ ಮುನಿಸಿಕೊಳ್ಳಬೇಡ. ನಮ್ಮೂರಲ್ಲಿ ಸಿಗ್ನಲ್ ಸಿಗುವುದು ಕೆಂಪಣ್ಣನ ಜಗಲಿಯ ಮುಂದೆ, ಅದೊಂದೇ ಕಡೆ. ಅಲ್ಲಿ ನಿಂತು ಮಾತಾಡಿದರೆ ಸಂಜೆಯೊಳಗೆ ಸುದ್ದಿ ಸಾಲಗಾಮೆ ಬಸ್ ಸ್ಟ್ಯಾಂಡ್ ಮುಟ್ಟಿರುತ್ತದೆ. ವಾಟ್ಸಾಪಿನಲ್ಲಿ ಬರೆಯೋಣವೆಂದರೆ ನನ್ನ ಫೋನಿನದ್ದೆಲ್ಲ ಹೊಳೆನರಸೀಪುರದಲ್ಲಿ ಹರ್ಷನ ಅಂಗಡಿಯ ಕಂಪ್ಯೂಟರಿನಲ್ಲೂ ಕಾಣುತ್ತದಂತೆ. ಯಾವಾಗಲೋ ಅವನೇ ಜೋಡಿಸಿಟ್ಟಿದ್ದಾನೆ. ಹೆತ್ತ ಮಗನಾದರೇನು, ಎಲ್ಲವನ್ನೂ ಅವನು ಓದಬೇಕೇ? ಅದಕ್ಕೇ ಕಾಗದ. ಇಪ್ಪತ್ತೊಂಬತ್ತು ವರ್ಷ ಅಂಗನವಾಡಿ ರಿಜಿಸ್ಟರ್ ಬರೆದ ಕೈ ಇದು, ಬರೆಯಲು ಬೇಜಾರಿಲ್ಲ. ನೀನೂ ಕಾಗದವನ್ನೇ ಬರಿ, ಲಕೋಟೆಯ ಬಾಯಿಗೆ ಗೋಂದು ಸರಿಯಾಗಿ ಹಚ್ಚು.

ಮೊನ್ನೆ ಅರಕಲಗೂಡಿನಿಂದ ನಿಮ್ಮಪ್ಪ ಬಂದಿದ್ದ. ಕಾಫಿ ಕುಡಿದು ಲೋಟ ತಾನೇ ತೊಳೆದಿಟ್ಟ. ಆಮೇಲೆ ಬಾಯಿಬಿಟ್ಟ. "ಅಕ್ಕ, ಎಕನಾಮಿಕ್ಸ್ ಓದಕ್ಕೆ ಕೆನಡಾಗೆ ಓಯ್ತೀನಿ ಅಂತಾವ್ಳೆ. ಪಿಎಚ್‌ಡಿಯಂತೆ, ಐದು ವರ್ಷವಂತೆ. ನಂಗೊಂದೂ ತಿಳಿಯಾಕಿಲ್ಲ. ನೀನ್ ಊಂ ಅಂದ್ರೆ ಊಂ, ಬ್ಯಾಡ ಅಂದ್ರೆ ಬ್ಯಾಡ. ಏಪ್ರಿಲ್ ಅದ್ನೈದ್ರೊಳ್ಗೆ ಉತ್ರ ಕೊಡ್ಬೇಕಂತೆ." ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ನಾನಲ್ಲವೇ, ಐವತ್ತೆರಡು ವರ್ಷವಾದರೂ ಮನೋಹರನಿಗೆ ಎಲ್ಲಕ್ಕೂ ಅಕ್ಕ ಬೇಕು. ಈಗ ನಿನ್ನ ವಿಷಯವನ್ನು ತಂದು ನನ್ನ ತಲೆಗೆ ಕಟ್ಟಿದ್ದಾನೆ.

ನನಗೆ ಅನುಮಾನ ಕಣೇ. ಫೀಸು ಅವರೇ ಕಟ್ಟಿಕೊಳ್ಳುತ್ತಾರಂತೆ, ಊಟಕ್ಕೆ, ಮನೆಗೆ ಎಲ್ಲ ಅವರೇ ಕೊಡುತ್ತಾರಂತೆ. ಯಾಕೆ? ನಮ್ಮೂರಲ್ಲಿ ಯಾರಾದರೂ ಒಂದು ಸೀರೆ ಪುಕ್ಕಟೆ ಕೊಟ್ಟರೆ ಹಿಂದೆಯೇ ಮತದಾರರ ಪಟ್ಟಿ ಹಿಡಿದುಕೊಂಡು ಬರುತ್ತಾರೆ. ಅಷ್ಟು ದೂರದ ಯಾರೋ ಪ್ರೊಫೆಸರ್ ಹೆಂಗಸಿಗೆ ಅರಕಲಗೂಡಿನ ಹುಡುಗಿಯ ಮೇಲೆ ಇದ್ದಕ್ಕಿದ್ದಂತೆ ಇಷ್ಟೊಂದು ಅಕ್ಕರೆ ಹೇಗೆ ಹುಟ್ಟಿತು? ನಿನಗೆ ಅರ್ಜಿ ಹಾಕು ಅಂತ ಪುಸಲಾಯಿಸಿದ ಆ ಹಾಸನದ ಈಶ್ವರಯ್ಯ ಮೇಷ್ಟ್ರಿಗೆ ಇದರಲ್ಲಿ ಏನು ಸಿಗುತ್ತದೆ? ಎಲ್ಲವನ್ನೂ ಬಿಡಿಸಿ ಬರಿ. ಮುಚ್ಚಿಟ್ಟರೆ ನನಗೆ ಗೊತ್ತಾಗುತ್ತದೆ, ನಿನ್ನ ಅಕ್ಷರ ವಾಲುತ್ತದೆ.

ನಿನ್ನ ಅತ್ತೆ,
ಪ್ರೇಮಕುಮಾರಿ


ಚನ್ನರಾಯಪಟ್ಟಣ
17 ಫೆಬ್ರವರಿ 2025

ಪ್ರೀತಿಯ ಅತ್ತೆಗೆ ನಮಸ್ಕಾರಗಳು.

ಗೋಂದು ಹಚ್ಚಿ, ಮೇಲೆ ಟೇಪನ್ನೂ ಅಂಟಿಸಿದ್ದೇನೆ. ಸಮಾಧಾನವಾಯಿತೇ?

ಆ ಪ್ರೊಫೆಸರಿಗೆ ನನ್ನ ಮೇಲೆ ಅಕ್ಕರೆಯೇನಿಲ್ಲ. ಹಳ್ಳಿಗಳಲ್ಲಿ ಜನ ಒಬ್ಬರಿಗೊಬ್ಬರು ಹೇಗೆ ದುಡಿದುಕೊಡುತ್ತಾರೆ ಎನ್ನುವುದೇ ಅವರ ಅಧ್ಯಯನ. ನನ್ನ ಎಂ.ಎ. ಪ್ರಬಂಧದ ಒಂದು ಅಧ್ಯಾಯ ಓದಿದರು, ಹಿಡಿಸಿತು. ಈಶ್ವರಯ್ಯ ಸರ್‌ಗೆ ಏನೂ ಸಿಗುವುದಿಲ್ಲ. ತಮ್ಮ ಶಿಷ್ಯೆಯೊಬ್ಬಳು ಹೋದಳು ಅಂತ ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಾರೆ, ಹೇಳಿಕೊಳ್ಳಲಿ ಬಿಡಿ.

ಪುಕ್ಕಟೆಯೂ ಅಲ್ಲ ಅತ್ತೆ. ಅವರು ನನ್ನನ್ನು ಓದಿಸುತ್ತಾರೆ, ನಾನು ಅವರ ಡಿಗ್ರಿ ಹುಡುಗರಿಗೆ ವಾರಕ್ಕಿಷ್ಟು ತರಗತಿ ತೆಗೆದುಕೊಳ್ಳಬೇಕು. ಹಿಂದೆ ನೀವೆಲ್ಲ ಮುಯ್ಯಾಳು ಹೋಗುತ್ತಿದ್ದಿರಲ್ಲ, ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು, ಕೂಲಿಯ ಮಾತೇ ಇಲ್ಲ. ಅದೇ ಥರ ಅಂದುಕೊಳ್ಳಿ. ಊರಿನಲ್ಲಿ ಈಗ ಆ ಪದ್ಧತಿ ಸತ್ತೇ ಹೋಗಿದ್ದರೂ ನಿಮಗೆ ನೆನಪಿರಬೇಕು.

ಅವರಿಗೆ ಹಿಡಿಸಿದ್ದೂ ಅದೇ ಅಧ್ಯಾಯ. ಎರಡು ವರ್ಷದ ಹಿಂದೆ ನೀವೇ ಜೊತೆಗೆ ಬಂದು ಮನೆಮನೆ ತೋರಿಸಿದಿರಲ್ಲ, ಆ ಸರ್ವೆ. ನೂರ ಹನ್ನೆರಡು ಮನೆಗಳಲ್ಲಿ ನೂರ ಆರು ಮನೆಯವರು 'ಮುಯ್ಯಾಳು ಇಲ್ಲವೇ ಇಲ್ಲ, ಕೂಲಿಗೇ ಹೋಗೋದು' ಅಂದರು. ಆರೇ ಮನೆ ಉಳಿದಿದ್ದು. ಒಂದು ಪದ್ಧತಿ ಇಷ್ಟು ಪೂರ್ತಿಯಾಗಿ ಮಾಯವಾದದ್ದನ್ನು ಬೇರೆ ಯಾರೂ ದಾಖಲಿಸಿಲ್ಲವಂತೆ. ಅದರ ಸಾರಾಂಶವನ್ನು ಕನ್ನಡದಲ್ಲಿ ನಾಲ್ಕು ಪುಟ ಬರೆದು ಈ ಲಕೋಟೆಯಲ್ಲೇ ಇಟ್ಟಿದ್ದೇನೆ, ಓದಿ. ನಿಮ್ಮೂರಿನ ಕಥೆಯೇ ನನಗೆ ಟಿಕೆಟ್ಟು.

ನಾನಿಲ್ಲಿ ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಜೂನ್ ಬಂತೆಂದರೆ ಮುಂದಕ್ಕೆ ಕೆಲಸ ಇದೆಯೋ ಇಲ್ಲವೋ ಅಂತ ಪ್ರಿನ್ಸಿಪಾಲರ ಮುಖ ನೋಡುತ್ತಾ ಓಡಾಡಬೇಕು. ನಾನು ಓದಿದ ನೋಟ್ಸನ್ನೇ ಓದಿಸುತ್ತಿದ್ದೇನೆ. ನನಗೆ ಹೋಗಬೇಕು ಅತ್ತೆ. ತುಂಬಾ ಹೋಗಬೇಕು.

ಇನ್ನೊಂದು ಮಾತು. ಹರ್ಷ ಭಾವ ಮೊನ್ನೆ ಕಾಲೇಜಿನ ಗೇಟಿನ ಹತ್ತಿರ ನಿಂತಿದ್ದರು. ಡ್ರಿಪ್ ಪೈಪಿನ ಲೋಡು ಇಳಿಸಲು ಈ ಕಡೆ ಬಂದಿದ್ದೆ ಅಂದರು. ಲೋಡು ಎಲ್ಲೂ ಕಾಣಲಿಲ್ಲ. ನೀವು ಕಳಿಸಿದ್ದೇ?

ನಿಮ್ಮ
ಪ್ರೇಕ್ಷಾ


ಮಾವಿನಕೊಪ್ಪಲು
28 ಫೆಬ್ರವರಿ 2025

ಚಿ. ಪ್ರೇಕ್ಷಾಳಿಗೆ ಆಶೀರ್ವಾದ.

ನಿನ್ನ ನಾಲ್ಕು ಪುಟ ತಲುಪಿತು. ಹೊಲದಲ್ಲಿ ಬೀನ್ಸ್ ಬಿಡಿಸುತ್ತಿದ್ದವರಿಗೆ ಕಾಫಿ ತೆಗೆದುಕೊಂಡು ಹೋಗುವಾಗ ಪೋಸ್ಟಿನವನು ಕೈಗೆ ಕೊಟ್ಟ. ಬದುವಿನ ಮೇಲೆ ಕೂತು ಓದಿದೆ. ಹೊಲದಲ್ಲಿ ಹನ್ನೊಂದು ಜನ ಹೆಂಗಸರಿದ್ದರು. ಕಾಫಿ ಆರಿಹೋಯಿತು ಅಂತ ಬೈದರು.

ಎರಡು ಮಾತು ಕೇಳುತ್ತೇನೆ. ನೀನು ಬರೆದಿರುವುದು ಸರಿಯೋ ತಪ್ಪೋ ಅಂತ ಅಲ್ಲಿಂದ ಯಾರಾದರೂ ಬಂದು ಊರನ್ನು ನೋಡುತ್ತಾರೆಯೇ? ನೀನು ಹೋಗಿ ಸೇರಿಕೊಂಡ ಮೇಲೆ ಏನಾದರೂ ಹೆಚ್ಚುಕಮ್ಮಿ ಕಂಡರೆ ಏನು ಮಾಡುತ್ತಾರೆ? ವಾಪಸ್ ಕಳಿಸುತ್ತಾರೆಯೇ, ಪೇಪರಿನಲ್ಲಿ ಹಾಕುತ್ತಾರೆಯೇ?

ನನ್ನ ಮನಸ್ಸು ಒಪ್ಪುತ್ತಿಲ್ಲ. ಹೋಗುವುದು ಬೇಡ. ಇಲ್ಲೇ ಏನಾದರೂ ಪರೀಕ್ಷೆ ಕಟ್ಟು. ನಿಮ್ಮಪ್ಪನಿಗೆ ನಾನು ಇನ್ನೂ ಏನೂ ಹೇಳಿಲ್ಲ.

ಹರ್ಷನನ್ನು ನಾನು ಕಳಿಸಿಲ್ಲ.

ಅತ್ತೆ


ಚನ್ನರಾಯಪಟ್ಟಣ
5 ಮಾರ್ಚ್ 2025

ಅತ್ತೆಗೆ ನಮಸ್ಕಾರ.

ಬೇಡವೆಂದಿರಿ, ಸರಿ. ಕಾರಣ? ಒಂದಾದರೂ ಕಾರಣ ಬರೆದಿದ್ದರೆ ಅದಕ್ಕೆ ಉತ್ತರ ಕೊಡುತ್ತಿದ್ದೆ. ನಾಲ್ಕು ಪುಟ ಓದಿದ ಮನುಷ್ಯರು ಚೆನ್ನಾಗಿದೆ ಅನ್ನಬೇಕು, ಇಲ್ಲ ಚೆನ್ನಾಗಿಲ್ಲ ಅನ್ನಬೇಕು. ನೀವು ಕಾಫಿ ಆರಿದ ಕಥೆ ಬರೆದಿದ್ದೀರಿ.

ಹಾಗಾದರೆ ನಾನೇ ಹೇಳಿಬಿಡುತ್ತೇನೆ. ಕಳೆದ ಯುಗಾದಿಯಲ್ಲಿ ನನಗೆ ರೇಷ್ಮೆ ಸೀರೆ ಉಡಿಸಿ, ಹರ್ಷ ಭಾವನ ಪಕ್ಕ ನಿಲ್ಲಿಸಿ ಫೋಟೋ ತೆಗೆಸಿದವರು ನೀವು. 'ಸೋದರತ್ತೆ ಮಗ ಇರೋವಾಗ ಹೊರಗೆ ಯಾಕೆ ಹುಡುಕ್ಬೇಕು' ಅಂತ ಅಮ್ಮನ ಹತ್ತಿರ ಅಂದದ್ದೂ ನನ್ನ ಕಿವಿಗೆ ಬಿದ್ದಿದೆ. ನಾನು ಐದು ವರ್ಷ ಹೋದರೆ ಆ ಲೆಕ್ಕಾಚಾರ ತಪ್ಪುತ್ತದೆ. ಅದಕ್ಕೇ ಬೇಡ. ಅದನ್ನು ನೇರವಾಗಿ ಬರೆಯಲು ಧೈರ್ಯವಿಲ್ಲದೆ ಪೇಪರಿನಲ್ಲಿ ಹಾಕುತ್ತಾರಾ ಅಂತೆಲ್ಲ ಹೆದರಿಸುತ್ತೀರಿ.

ಅಪ್ಪನಿಗೆ ನಿಮ್ಮ ಮಾತೆಂದರೆ ದೇವರ ಮಾತು. ನನಗೂ ಹಾಗೇ ಇತ್ತು. ಪಿಯುಸಿಯಲ್ಲಿ ಸೈನ್ಸ್ ಬಿಟ್ಟು ಆರ್ಟ್ಸ್ ತಗೋತೀನಿ ಅಂದಾಗ ಮನೆಯವರೆಲ್ಲ ನನ್ನ ಮೇಲೆ ಬಿದ್ದರು, ನೀವೊಬ್ಬರೇ 'ಓದೋಳು ಅವ್ಳು, ನೀವಲ್ಲ' ಅಂದಿರಿ. ಆ ಅತ್ತೆ ಈಗ ಎಲ್ಲಿ ಹೋದರು?

ಪ್ರೇಕ್ಷಾ


ಮಾವಿನಕೊಪ್ಪಲು
24 ಮಾರ್ಚ್ 2025

ಪ್ರೇಕ್ಷಾ,

ಹದಿನೈದು ದಿನ ಈ ಕಾಗದವನ್ನು ಬರೆದು ಹರಿದು ಮಾಡಿದ್ದೇನೆ. ಮೊದಲು ಹರ್ಷನ ಮಾತು ಮುಗಿಸುತ್ತೇನೆ. ಅಂಗಿಯ ಗುಂಡಿ ಹಾಕಿಕೊಳ್ಳಲೂ ಜ್ಞಾಪಿಸಬೇಕಾದ ನನ್ನ ಮಗನಿಗೆ ನಿನ್ನನ್ನು ಕಟ್ಟಿ ಸಾಧಿಸುವುದೇನಿದೆ? ಅದಕ್ಕಾಗಿ ಬೇಡ ಅನ್ನಲಿಲ್ಲ. ನಿನ್ನ ನಾಲ್ಕು ಪುಟ ಓದಿ ಹೆದರಿ ಬೇಡ ಅಂದೆ.

ಅವತ್ತು ನನ್ನ ಹೊಲದಲ್ಲಿ ಬೀನ್ಸ್ ಬಿಡಿಸುತ್ತಿದ್ದ ಹನ್ನೊಂದು ಹೆಂಗಸರಲ್ಲಿ ಒಬ್ಬರೂ ಕೂಲಿಗೆ ಬಂದವರಲ್ಲ. ಎಲ್ಲರೂ ಮುಯ್ಯಾಳು. ನಾನೂ ಅವರವರ ಹೊಲಕ್ಕೆ ಭಾನುವಾರ ಹೋಗಿಬರುತ್ತೇನೆ. ನಿನ್ನ ಪುಟದಲ್ಲಿ ಮುಯ್ಯಾಳು ಸತ್ತುಹೋಗಿದೆ, ನನ್ನ ಕಣ್ಣೆದುರಿಗೆ ಅದು ಸಾಲಾಗಿ ಕೂತು ಬೀನ್ಸ್ ಬಿಡಿಸುತ್ತಾ ಕಾಫಿ ಕೇಳುತ್ತಿದೆ. ಮೊದಲು ನಗು ಬಂತು. ಆಮೇಲೆ ನಿನ್ನ ಪುಟಗಳನ್ನು ಮಡಿಚಿ ಸೆರಗಿನಲ್ಲಿ ಮುಚ್ಚಿಟ್ಟೆ.

ಊರಿನವರು ನಿನಗೆ ಸುಳ್ಳು ಹೇಳಿದರು ಕಣೇ. ಹೇಳಿಸಿದವಳು ನಾನು.

ನಿನ್ನ ಸರ್ವೆಗೆ ಒಂದು ವರ್ಷ ಮೊದಲು ಮೇಲಿನಿಂದ ಒಂದು ಪಟ್ಟಿ ಕೇಳಿದ್ದರು. ಯಾವ ಮನೆಯಲ್ಲಿ ಎಷ್ಟು ಜನ, ಎಷ್ಟು ಜಮೀನು, ಏನೇನಿದೆ ಅಂತ. ನಾನು ಕಂಡದ್ದನ್ನು ಕಂಡಹಾಗೆ ಬರೆದೆ. ಸುಬ್ಬಮ್ಮನ ಮನೆಗೆ ಟಿಲ್ಲರ್ ಇದೆ ಅಂತ ಬರೆದೆ. ಎರಡು ತಿಂಗಳಿಗೆ ಊರಲ್ಲಿ ಒಂಬತ್ತು ರೇಷನ್ ಕಾರ್ಡು ರದ್ದಾದವು, ಸುಬ್ಬಮ್ಮನದೂ ಹೋಯಿತು. ಅವಳು ಜಗಳವಾಡಲಿಲ್ಲ. ಅಂಗನವಾಡಿ ಬಾಗಿಲಿಗೆ ಬಂದು ನಿಂತು, "ಟೀಚರಮ್ಮ, ನೀನ್ ಬರ್ದಿದ್ ನಿಜಾನೇ ಕಣವ್ವ. ಅದ್ಕೇ ಒಟ್ಟೆ ಉರಿಯಾದು" ಅಂದಳು. ಅಷ್ಟೇ ಅಂದು ಹೋದಳು. ಅವತ್ತಿನಿಂದ ನನ್ನ ಹೊಲಕ್ಕೆ ಕಾಲಿಟ್ಟಿಲ್ಲ.

ಅದಾದ ಮೇಲೆ ಯಾವ ಸರ್ವೆ ಬಂದರೂ ಹಿಂದಿನ ದಿನ ಸಂಜೆ ನಾನು ಮನೆಮನೆಗೆ ಹೋಗಿ ಒಂದು ಮಾತು ಹೇಳಿ ಬರುತ್ತೇನೆ. ನೀನು ಬರುವ ಹಿಂದಿನ ದಿನವೂ ಹೋಗಿದ್ದೆ. "ನಾಳೆ ನಮ್ಮ ಮನೋಹರನ ಮಗಳು ಬರ್ತಾಳೆ. ಸರ್ಕಾರದ್ದಲ್ಲ, ಅವಳ ಓದಿಗೆ. ಆದ್ರೂ ನೋಡ್ಕೊಂಡು ಹೇಳಿ." ಇಷ್ಟೇ ಅಂದದ್ದು. ಇಷ್ಟು ಸಾಕು. ಮುಯ್ಯಾಳು ಹೋಗುತ್ತೇವೆ ಅಂದರೆ ಹೊಲ ಇದೆ ಅಂತಾಯಿತು, ಹೊಲ ಇದ್ದರೆ ಕಾರ್ಡು ಹೋಗುತ್ತದೆ. ಹಾಗಾಗಿ ಇಡೀ ಊರು ಕೂಲಿಗೆ ಹೋಗುವ ಊರಾಯಿತು. ಮೇಲಾಗಿ ಮರುದಿನ ನಾನು ಇಲಾಖೆಯ ಸೀರೆ ಉಟ್ಟು, ಕಂಕುಳಲ್ಲಿ ರಿಜಿಸ್ಟರ್ ಇಟ್ಟುಕೊಂಡು ನಿನ್ನ ಪಕ್ಕದಲ್ಲೇ ನಿಂತಿದ್ದೆನಲ್ಲ. ನಿಜ ಹೇಳುವ ಮನಸ್ಸಿದ್ದವರೂ ಬಾಯಿ ಮುಚ್ಚಿಕೊಂಡರು.

"ಮುಯ್ಯಾಳಾ? ಅದೆಲ್ಲ ನಮ್ಮಜ್ಜಿ ಕಾಲ್ದಲ್ಲೇ ಓಯ್ತು ಬುಡವ್ವ" ಅಂತ ಕೆಂಪಣ್ಣ ಅಂದದ್ದನ್ನು ನೀನು ಅಧ್ಯಾಯದ ತಲೆಯಲ್ಲೇ ಹಾಕಿದ್ದೀಯ. ಅದರ ಹಿಂದಿನ ದಿನ ಅವನ ಹೊಲದಲ್ಲಿ ಎಂಟು ಜನ ಮುಯ್ಯಾಳು ಆಲೂಗಡ್ಡೆ ಕಿತ್ತಿದ್ದರು. ಅವರಲ್ಲಿ ಒಬ್ಬಳು ನಾನು.

ನಿನ್ನ ಓದಿಗೆ ಇದು ಇಷ್ಟು ದೊಡ್ಡದಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಮಾರ್ಕ್ಸಿಗೆ ಬರೆಯುತ್ತೀಯ, ಬೈಂಡ್ ಮಾಡಿಸಿ ಇಡುತ್ತೀಯ, ಮುಗಿಯಿತು ಅಂದುಕೊಂಡಿದ್ದೆ. ಈಗ ಅದನ್ನೇ ಹಿಡಿದುಕೊಂಡು ಅಷ್ಟು ದೂರ ಹೋಗುತ್ತೇನೆ ಅನ್ನುತ್ತೀಯ. ಯಾರೂ ದಿಕ್ಕಿಲ್ಲದ ಕಡೆ ನಿನ್ನನ್ನು ನಿಲ್ಲಿಸಿ ಸುಳ್ಳಿ ಅಂದರೆ?

ಒಂದು ಕೆಲಸ ಮಾಡು. ಈ ಕಾಗದ ಸುಟ್ಟುಬಿಡು. ಯಾರಿಗೂ ಹೇಳಬೇಡ. ಕೆನಡಾದಿಂದ ಇಲ್ಲಿಗೆ ಬಂದು ಕೆಂಪಣ್ಣನನ್ನು ಕೇಳುವವರು ಯಾರು? ಸುಮ್ಮನೆ ಹೋಗಿಬಿಡು. ನಿಮ್ಮಪ್ಪನಿಗೆ ಹೂಂ ಅನ್ನುತ್ತೇನೆ. ನಾನು ಮಾಡಿದ ತಪ್ಪಿಗೆ ನೀನು ಯಾಕೆ ಕೂತುಕೊಳ್ಳಬೇಕು?

ಅತ್ತೆ


ಚನ್ನರಾಯಪಟ್ಟಣ
13 ಏಪ್ರಿಲ್ 2025

ಅತ್ತೆಗೆ,

ನಿಮ್ಮ ಕಾಗದ ಓದಿ ನನಗೆ ಮೊದಲು ಬಂದದ್ದು ಅನುಮಾನ. ನನ್ನನ್ನು ತಡೆಯಲು ಅತ್ತೆ ಇದೊಂದು ಹೊಸ ಉಪಾಯ ಹೂಡಿದ್ದಾರೆ ಅಂದುಕೊಂಡೆ. ನಿಮ್ಮಿಂದಲೇ ಕಲಿತದ್ದು, ಏನು ಮಾಡಲಿ.

ಆರನೇ ತಾರೀಕು ಭಾನುವಾರ ನಿಮಗೆ ಹೇಳದೆ ಊರಿಗೆ ಬಂದಿದ್ದೆ. ಕೆರೆ ಏರಿ ಹತ್ತಿರ ಇಳಿದು ಹೊಲಗಳ ಕಡೆಯಿಂದಲೇ ಹೋದೆ. ಕೆಂಪಣ್ಣನ ಹೊಲದಲ್ಲಿ ಶುಂಠಿ ನೆಡುತ್ತಿದ್ದರು. ಸುಬ್ಬಮ್ಮನನ್ನು ಕೂಲಿ ಎಷ್ಟು ಅಂತ ಕೇಳಿದೆ. "ಕೂಲಿ ಯಾಕವ್ವಾ? ನಾಡಿದ್ದು ಅವ್ರು ನಮ್ದುಕ್ಕೆ ಬತ್ತಾರಲ್ಲ" ಅಂದರು. ಮತ್ತೆ ಅವತ್ತು ಯಾಕೆ ಇಲ್ಲವೆಂದಿರಿ ಅಂದೆ. ಸುಬ್ಬಮ್ಮ ಸೊಂಟ ನೆಟ್ಟಗೆ ಮಾಡಿಕೊಂಡು ನನ್ನ ಮುಖ ನೋಡಿ, "ಅವತ್ತು ಟೀಚರಮ್ಮ ಇದ್ರಲ್ಲ" ಅಂದರು.

ನಾನು ಬದುವಿನ ಮೇಲೆ ಕೂತು ಅತ್ತುಬಿಟ್ಟೆ. ನಾಚಿಕೆಯಿಲ್ಲದೆ ಅತ್ತೆ. ಎರಡು ವರ್ಷದ ಕೆಲಸ.

ನೀವು ಹೇಳಿದಂತೆ ಮುಚ್ಚಿಡಬಹುದಿತ್ತು. ಎರಡು ದಿನ ಅದನ್ನೇ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಆದರೆ ಅಲ್ಲಿ ಆ ಪ್ರೊಫೆಸರು ದಿನಾ ಬೆಳಗ್ಗೆ ನಿಮ್ಮೂರಿನ ಬಗ್ಗೆ ಕೇಳುತ್ತಾರೆ, ನಾನು ದಿನಾ ನೋಡಿಕೊಂಡು ಹೇಳಬೇಕಾಗುತ್ತದೆ. ಐದು ವರ್ಷ ಅದು ನನ್ನಿಂದಾಗದು. ಎಂಟನೇ ತಾರೀಕು ಅವರಿಗೆ ಎಲ್ಲವನ್ನೂ ಬರೆದೆ.

ಉತ್ತರ ಐದೇ ಸಾಲು ಬಂತು. ಸೀಟನ್ನು ಒಂದು ವರ್ಷ ಇಟ್ಟಿರುತ್ತಾರಂತೆ. ವಿದ್ಯಾರ್ಥಿವೇತನದ ಮಾತು ಮುಂದಿನ ವರ್ಷ ಹೊಸದಾಗಿ ನೋಡುತ್ತಾರಂತೆ, ಭರವಸೆ ಕೊಡುವುದಿಲ್ಲವಂತೆ. ಅದಿಲ್ಲದಿದ್ದರೆ ನಾನು ಹೋಗುವ ಹಾಗೇ ಇಲ್ಲ. ಈಶ್ವರಯ್ಯ ಸರ್ ಎರಡು ದಿನ ನನ್ನ ಮೇಲೆ ಸಿಟ್ಟಾಗಿದ್ದರು. ಮೂರನೇ ದಿನ, "ಮತ್ತೆ ಹೋಗಿ ಕೇಳು" ಅಂದರು.

ಕಾಲೇಜಿಗೆ ರಜೆ ಬಿಟ್ಟ ಮೇಲೆ ಬರುತ್ತೇನೆ. ಆಲೂಗಡ್ಡೆ ಬಿತ್ತನೆಯಿಂದ ರಜೆ ಮುಗಿಯುವ ತನಕ ಅಲ್ಲೇ, ಆಮೇಲೆ ರಾಗಿ ಕೊಯ್ಲಿನ ತನಕ ಶನಿವಾರ ಭಾನುವಾರಗಳಲ್ಲಿ. ಮೊದಲು ಕೆಲಸ ಮಾಡುತ್ತೇನೆ, ಆಮೇಲೆ ಕೇಳುತ್ತೇನೆ. ಸುಬ್ಬಮ್ಮನ ಮನೆಯಲ್ಲಿ ಇರುತ್ತೇನೆ. ನೀವು ಜೊತೆಗೆ ಬರಬಾರದು. ಯಾರಿಗೂ ಏನೂ ಹೇಳಿಬರಬಾರದು, ಒಳ್ಳೆಯ ಮಾತನ್ನೂ.

ಪ್ರೇಕ್ಷಾ


ಮಾವಿನಕೊಪ್ಪಲು
20 ಜುಲೈ 2025

ಚಿ. ಪ್ರೇಕ್ಷಾಳಿಗೆ ಆಶೀರ್ವಾದ.

ಮೂರು ಬೀದಿ ಆಚೆ ಇರುವ ನಿನಗೆ ಸಾಲಗಾಮೆ ಪೋಸ್ಟಿನಲ್ಲಿ ಕಾಗದ ಹಾಕುತ್ತಿದ್ದೇನೆ. ನಿನ್ನೆ ಲಕೋಟೆ ಕೊಂಡು ಅಲ್ಲೇ ವಿಳಾಸ ಬರೆದಾಗ ಪೋಸ್ಟಿನವನು ಅದನ್ನು ಎರಡು ಸಲ ಓದಿ, "ಟೀಚರಮ್ಮ, ಉಸಾರಾಗಿದ್ದೀರಾ?" ಅಂದ. ಏನು ಮಾಡಲಿ, ನಿನ್ನ ಷರತ್ತು.

ಜೂನ್ ಇಡೀ ನೀನು ಆಲೂಗಡ್ಡೆ ಬಿತ್ತಿದ್ದನ್ನು ದೂರದಿಂದ ನೋಡಿದೆ. ಗಡ್ಡೆಯ ಮೊಳಕೆ ಕೆಳಗೆ ಮಾಡಿ ಇಡುತ್ತಿದ್ದೆ, ಸುಬ್ಬಮ್ಮ ಹಿಂದಿನಿಂದ ಬಂದು ತಿರುಗಿಸಿ ಇಡುತ್ತಿದ್ದಳು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಮನೆಗೆ ಬಂದೆ.

ಅವರು ನನ್ನ ಬಗ್ಗೆ ಏನು ಹೇಳುತ್ತಾರೆ? ಬರೆಯಬೇಡ, ಕೇಳಿದೆ ಅಷ್ಟೇ. ನಲ್ಲಿ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತದೆ. ಮೊದಲೂ ನಿಲ್ಲುತ್ತಿತ್ತೇನೋ, ಅದು ಮರ್ಯಾದೆ ಅಂದುಕೊಂಡಿದ್ದೆ. ಈ ಊರಿನ ಮಕ್ಕಳಿಗೆಲ್ಲ ಕೈಯಾರೆ ತಿನ್ನಿಸಿದ್ದೇನೆ, ಅವರ ಮಕ್ಕಳಿಗೂ ತಿನ್ನಿಸುತ್ತಿದ್ದೇನೆ. ಇಡೀ ಊರು ನನಗೆ ಗೊತ್ತು ಅಂತ ಬೀಗುತ್ತಿದ್ದೆ. ನನಗೆ ಗೊತ್ತಿದ್ದದ್ದು ಅವರು ನನಗೆ ಹೇಳಿದ್ದು ಮಾತ್ರ.

ನಿನ್ನೆ ಸುಬ್ಬಮ್ಮ ಎದುರಿಗೆ ಸಿಕ್ಕಳು. ನಾಲ್ಕು ಹೆಜ್ಜೆ ಮುಂದೆ ಹೋದವಳು ನಿಂತು, "ನಿನ್ ಸೊಸೆ ಸೊಪ್ಪಿನ್ ಸಾರು ತಿನ್ನಾಕಿಲ್ಲ ಕಣವ್ವ, ಏನ್ ಮಾಡಾಕ್ಲಿ?" ಅಂದಳು. ಮೂರು ವರ್ಷದ ಮೇಲೆ ಅವಳು ನನ್ನನ್ನು ಕೇಳಿದ ಮೊದಲ ಮಾತು. ಅವರೆಕಾಳಿನ ಉಪ್ಪಿಟ್ಟು ಅಂದೆ.

ಮಂಗಳವಾರ ಊಟಕ್ಕೆ ಬಾ. ಸರ್ವೆ ಮಾತಾಡುವುದಿಲ್ಲ.

ಅತ್ತೆ


ಚನ್ನರಾಯಪಟ್ಟಣ
15 ಫೆಬ್ರವರಿ 2026

ಪ್ರೀತಿಯ ಅತ್ತೆಗೆ ನಮಸ್ಕಾರಗಳು.

ಮುಗಿಯಿತು. ಒಂದು ಮನೆ ಬಿಟ್ಟು ಉಳಿದ ನೂರ ಹನ್ನೊಂದರಲ್ಲಿ ತೊಂಬತ್ತನಾಲ್ಕು ಮನೆಯವರು ಈ ವರ್ಷವೂ ಮುಯ್ಯಾಳು ಹೋಗಿದ್ದಾರೆ, ಕರೆದಿದ್ದಾರೆ. ಯಾರ ಮನೆಯ ಹೆಸರನ್ನೂ ನಾನು ಬರೆದಿಲ್ಲ, ಬರೀ ನಂಬರು. ಅದನ್ನು ಅವರ ಎದುರಿಗೇ ತೋರಿಸಿದ ಮೇಲೆಯೇ ಬಾಯಿಬಿಟ್ಟರು. ಹೊಸ ಅಧ್ಯಾಯವನ್ನು ಹಳೆಯದರ ಪಕ್ಕದಲ್ಲಿಟ್ಟು ಕಳಿಸಿದೆ. ಒಂದೇ ಊರು, ಎರಡು ಉತ್ತರ, ನಡುವೆ ಏನಾಯಿತು ಅಂತ. ಹನ್ನೊಂದನೇ ತಾರೀಕು ಉತ್ತರ ಬಂತು. ವಿದ್ಯಾರ್ಥಿವೇತನ ಕೊಡುತ್ತಾರೆ, ಪೂರ್ತಿ. ಆಗಸ್ಟಿನಲ್ಲಿ ಹೊರಡಬೇಕು. ಅಪ್ಪನಿಗೆ ಹೇಳಿದೆ. ಏನಂದರು ಅಂತ ನಿಮಗೇ ಗೊತ್ತು. "ನಿಮ್ಮತ್ತೆ ಏನಂತಾಳೆ?"

ಈ ಸಲ ಕೊನೆಯ ಮನೆ ನಿಮ್ಮದು, ನೂರ ಹನ್ನೆರಡನೆಯದು. ಕಳೆದ ತಿಂಗಳು ನಿಮ್ಮ ನಡುಮನೆಯಲ್ಲಿ ಕೂತು ಫಾರಂ ತೆಗೆದೆ. ಜಮೀನು ಎಷ್ಟು ಅಂತ ಕೇಳಿದೆ. "ಮುಕ್ಕಾಲು ಎಕರೆ" ಅಂದಿರಿ. ಮುಯ್ಯಾಳು ಹೋಗುತ್ತೀರಾ ಅಂದೆ. "ಇಲ್ಲ ಕಣಮ್ಮ, ಅದೆಲ್ಲ ಈಗ ಎಲ್ಲಿ" ಅಂದಿರಿ. ಅಂದ ಮೇಲೆ ನೀವೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿರಿ. ನನಗೆ ನಗಲು ಆಗಲಿಲ್ಲ. ಖಾಲಿ ಫಾರಂ ಅಲ್ಲೇ ಟಿವಿ ಮೇಲೆ ಇಟ್ಟು ಎದ್ದು ಬಂದೆ.

ಅವತ್ತಿನಿಂದ ಒಂದೇ ಯೋಚನೆ. ನೀವು ಹೂಂ ಅಂದರೆ, ಹಿಂದಿನ ತಪ್ಪಿಗಾಗಿ ಅನ್ನುತ್ತಿದ್ದಾರೆ ಅನಿಸುತ್ತದೆ. ಬೇಡ ಅಂದರೆ, ಹರ್ಷ ಭಾವನಿಗಾಗಿ ಅನಿಸುತ್ತದೆ. ನಿಮ್ಮ ಯಾವ ಮಾತನ್ನೂ ನಂಬಲು ಆಗದೆ ಹೋಗುವುದು ನನಗೆ ಇಷ್ಟವಿಲ್ಲ. ಆ ಫಾರಂ ನೀವೇ ತುಂಬಿ ಕಳಿಸಿ. ನಿಜ ಬರೆಯಿರಿ. ಆಮೇಲೆ ಅಪ್ಪನಿಗೆ ಏನು ಬೇಕಾದರೂ ಹೇಳಿ.

ನಿಮ್ಮ
ಪ್ರೇಕ್ಷಾ


ಮಾವಿನಕೊಪ್ಪಲು
1 ಮಾರ್ಚ್ 2026

ಚಿ. ಪ್ರೇಕ್ಷಾಳಿಗೆ ನಿನ್ನ ಅತ್ತೆಯ ಆಶೀರ್ವಾದ.

ಫಾರಂ ಮೇಲೆ ಬರೆಯಲು ಹೋದೆ. ನೀನು ಬಿಟ್ಟಿರುವ ಜಾಗ ಸಾಲದು, ಅದಕ್ಕೇ ಕಾಗದದಲ್ಲಿ ಬರೆಯುತ್ತಿದ್ದೇನೆ. ಬೇಕಾದ್ದನ್ನು ನೀನೇ ಇಳಿಸಿಕೋ.

ಜಮೀನು ಎರಡು ಎಕರೆ ಹನ್ನೊಂದು ಗುಂಟೆ. ಪಹಣಿಯಲ್ಲಿ ಇನ್ನೂ ನಿಮ್ಮ ಮಾವನ ಹೆಸರೇ ಇದೆ, ಅವರು ಹೋಗಿ ಒಂಬತ್ತು ವರ್ಷವಾದರೂ ಬದಲಾಯಿಸಲು ಕೈ ಬಂದಿಲ್ಲ.

ಮುಯ್ಯಾಳು ಹೋಗುತ್ತೇನೆ. ಹದಿನೆಂಟು ವರ್ಷದವಳು ಈ ಊರಿಗೆ ಬಂದಾಗಿನಿಂದ ಹೋಗಿದ್ದೇನೆ. ಈ ವರ್ಷ ಹೋದದ್ದು ಇಪ್ಪತ್ತು ದಿನ, ಬಂದವರೂ ಹೆಚ್ಚುಕಡಿಮೆ ಅಷ್ಟೇ. ಮೊನ್ನೆ ಬೀನ್ಸ್ ಬಿಡಿಸಲು ಹನ್ನೆರಡು ಜನ ಬಂದಿದ್ದರು. ಹನ್ನೆರಡನೆಯವಳು ಸುಬ್ಬಮ್ಮ. ಕರೆದಿರಲಿಲ್ಲ, ತಾನಾಗಿಯೇ ಬಂದಳು. "ನಾಡಿದ್ದು ಬರ್ಬೇಕು ಕಣವ್ವ ನಮ್ದುಕ್ಕೆ, ಮರ್ತ್‌ಗಿರ್ತ್ ಬುಟ್ಟೀಯ" ಅಂದಳು. ಹೋಗಿದ್ದೆ. ಮೈಕೈ ನೋವು ಇನ್ನೂ ಇದೆ.

'ಮನೆಯಲ್ಲಿ ತೀರ್ಮಾನ ತೆಗೆದುಕೊಳ್ಳುವವರು ಯಾರು' ಅಂತ ಒಂದು ಪ್ರಶ್ನೆ ಇಟ್ಟಿದ್ದೀಯ. ಮಗನ ಹೆಸರು ಬರೆಯೋಣ ಅಂತ ಪೆನ್ನು ಓಡಿತು, ತಡೆದೆ. ನಾನೇ. ನನ್ನ ಮನೆಯಲ್ಲೂ ನಾನೇ, ನಿಮ್ಮ ಮನೆಯಲ್ಲೂ ನಾನೇ ಆಗಿಬಿಟ್ಟಿದ್ದೇನೆ. ಅದು ಸರಿಯಲ್ಲ. ನಿಮ್ಮಪ್ಪನಿಗೂ ಅದನ್ನೇ ಹೇಳಿದ್ದೇನೆ, ಮುಂದೆ ಬರೆಯುತ್ತೇನೆ.

ಹರ್ಷನ ವಿಷಯ. ಕಳೆದ ವರ್ಷ ನಿನಗೆ ಅರ್ಧ ನಿಜ ಬರೆದೆ. ನೀನು ಹತ್ತು ವರ್ಷದವಳಿದ್ದಾಗಲೇ ನಿನ್ನನ್ನು ಸೊಸೆ ಮಾಡಿಕೊಳ್ಳಬೇಕು ಅಂತ ಆಸೆ ಹುಟ್ಟಿತ್ತು. ಆ ಯುಗಾದಿಯಲ್ಲಿ ಫೋಟೋ ತೆಗೆಸಿದಾಗಲೂ ಇತ್ತು. ಕಾಲೇಜಿನ ಗೇಟಿಗೆ ಅವನನ್ನು ಕಳಿಸಿದ್ದೂ ನಾನೇ. 'ಸುಮ್ಮನೆ ಮಾತಾಡಿಸಿ ಬಾ' ಅಂದಿದ್ದೆ. ಅವನು ವಾಪಸ್ ಬಂದು, "ಅವ್ವಾ, ಅವ್ಳಿಗೆ ನನ್ ಜೊತೆ ಮಾತೇ ಇಲ್ಲ, ನಂಗೂ ಇಲ್ಲ. ಬುಟ್ಬುಡು" ಅಂದ. ಈಗ ಚನ್ನರಾಯಪಟ್ಟಣದ ಕಡೆಯ ಒಂದು ಹುಡುಗಿಯನ್ನು ತಾನೇ ನೋಡಿಕೊಂಡಿದ್ದಾನೆ. ಮೇ ತಿಂಗಳಲ್ಲಿ ಮದುವೆ. ಡ್ರಿಪ್ ಪೈಪಿನ ಲೋಡು ಅಂದನಲ್ಲ, ಅವನು ಆ ಕಡೆ ಓಡಾಡುತ್ತಿದ್ದುದು ಯಾರಿಗಾಗಿ ಅಂತ ಈಗ ಗೊತ್ತಾಯಿತು.

ನಿನ್ನೆ ನಿಮ್ಮಪ್ಪನಿಗೆ ಫೋನ್ ಮಾಡಿದೆ. ಕಾಗದ ಬರೆಯಲಿಲ್ಲ. ಹಗಲು ಹನ್ನೊಂದು ಗಂಟೆಗೆ ಕೆಂಪಣ್ಣನ ಜಗಲಿ ಮುಂದೆ ನಿಂತೆ. ಜಗಲಿ ತುಂಬ ಜನ, ಕೆಂಪಣ್ಣ ಪೇಪರ್ ಮಡಿಚಿಟ್ಟು ಕಿವಿ ಕೊಟ್ಟ. ಎಲ್ಲರಿಗೂ ಕೇಳುವ ಹಾಗೆ ಕೂಗಿಯೇ ಹೇಳಿದೆ. "ಲೇ ಮನೋಹರ, ಓದೋಳು ಅವ್ಳು ಕಣ್ಲಾ, ನೀನೂ ಅಲ್ಲ, ನಾನೂ ಅಲ್ಲ. ಇನ್ಮೇಲೆ ನನ್ನ ಕೇಳ್ಬೇಡ. ಅವ್ಳನ್ನೇ ಕೇಳು. ಓಗ್ತೀನಿ ಅಂದ್ರೆ ಕಳ್ಸು." ನಿಮ್ಮಪ್ಪ ಆ ಕಡೆಯಿಂದ ಊಂ ಅಂದ. ಕೆಂಪಣ್ಣ ಎಲ್ಲಿಗೆ ಅಂತ ಕೇಳಿದ. ಹೇಳಿದೆ. ಏನು ಓದಕ್ಕೆ ಅಂದ. "ನೀವೆಲ್ಲ ಯಾಕೆ ಸುಳ್ಳೇಳ್ತೀರಿ ಅಂತ ಓದಕ್ಕೆ" ಅಂದೆ. ಜಗಲಿಯವರೆಲ್ಲ ನಕ್ಕರು. ನಾನೂ ನಕ್ಕು ಮನೆಗೆ ಬಂದೆ.

ಇನ್ನು ನಿನ್ನ ಫಾರಂನಲ್ಲಿ ಇಲ್ಲದ ಒಂದು ಪ್ರಶ್ನೆ. ನೀನು ಕೇಳಲಿಲ್ಲ, ಕೇಳಿದ್ದರೆ ನೋಡಿಕೊಂಡೇ ಹೇಳುತ್ತಿದ್ದೆ. ನೀನು ಹೋಗುವುದು ನನಗೆ ಇಷ್ಟವಿಲ್ಲ ಕಣೇ. ಚೂರೂ ಇಷ್ಟವಿಲ್ಲ. ಸುಳ್ಳು ಲೆಕ್ಕಕ್ಕಲ್ಲ, ಹರ್ಷನಿಗಲ್ಲ, ಯಾವ ಅನುಮಾನಕ್ಕೂ ಅಲ್ಲ. ಶನಿವಾರದ ಬಸ್ಸು ಕೆರೆ ಏರಿ ಮೇಲೆ ನಿಂತಾಗ ನೀನು ಇಳಿಯುವುದನ್ನು ನೋಡಿ ನೋಡಿ ಅಭ್ಯಾಸವಾಗಿದೆ.

ಇದನ್ನೂ ಬರೆದುಕೋ. ಬರೆದುಕೊಂಡು ಹೋಗು.

ನಿನ್ನ ಅತ್ತೆ,
ಪ್ರೇಮಕುಮಾರಿ
ಮನೆ ನಂಬರು ನೂರ ಹನ್ನೆರಡು